ಇಂಜಿರ್ಲಿಗೆ ಬರುವವರಿಗೆ ಉಪಯುಕ್ತ ಸಲಹೆಗಳು

ಎಂಟನೆಯ ದಿನ ಬೆಳಿಗ್ಗೆ ಯಾರೂ ಬಾಗಿಲು ತಟ್ಟಲಿಲ್ಲ.

ಸಾವಿನ ಮನೆಯಲ್ಲಿ ಏಳು ದಿನ ಒಲೆ ಹಚ್ಚಬಾರದೆಂದು ಇಂಜಿರ್ಲಿಯ ಹೆಂಗಸರು ಸರದಿಯ ಮೇಲೆ ಬೇಳೆ ಸಾರು, ಹುರಿದ ಬದನೆಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ತಂದು ಸುರಿದಿದ್ದರು. ದುಃಖದಲ್ಲಿರುವವರಿಗೆ ಹಸಿವಾಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದ್ದರಿಂದ ತಂದವರೇ ಕೂತು ತಿಂದು ಮುಗಿಸುತ್ತಿದ್ದರು. ಎಂಟನೆಯ ದಿನಕ್ಕೆ ಊರಿನ ದುಃಖ ಮುಗಿಯಿತು. ನೂರ್ಸೆಲ್‌ಳ ಅಡುಗೆಮನೆಯಲ್ಲಿ ಇಪ್ಪತ್ತಮೂರು ಪಾತ್ರೆಗಳು ಉಳಿದವು. ಪ್ರತಿಯೊಂದರ ತಳದಲ್ಲೂ ಪಟ್ಟಿ ಅಂಟಿಸಿ ಒಡತಿಯ ಹೆಸರು ಬರೆದಿತ್ತು. ಯಾವುದನ್ನೂ ಖಾಲಿ ಹಿಂತಿರುಗಿಸುವಂತಿರಲಿಲ್ಲ. ಪರರ ಪಾತ್ರೆಯನ್ನು ಖಾಲಿ ಕೊಡುವವರನ್ನು ಇಂಜಿರ್ಲಿಯಲ್ಲಿ ಯಾರೂ ಬೈಯುವುದಿಲ್ಲ. ಅವರು ಸಾಯುವವರೆಗೆ ಅವರ ಬಗ್ಗೆ ಮಾತಾಡುತ್ತಾರೆ, ಅಷ್ಟೆ.

ನೂರ್ಸೆಲ್ ಚಹಾ ಮಾಡಿದಳು. ಎರಡು ಲೋಟ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಒಂದನ್ನು ವಾಪಸ್ ಒಳಗಿಟ್ಟು ಬಂದಳು.

ಬಾಲ್ಕನಿಯಲ್ಲಿ ಮೇಜು ಇರಲಿಲ್ಲ. ಮೇಜು ಹಿಡಿಸುವಷ್ಟು ಬಾಲ್ಕನಿಯೂ ಇರಲಿಲ್ಲ. ಕಂಬಿಯಿಂದ ಕಿಟಕಿಯ ಕಟ್ಟೆಗೆ ಅಡ್ಡಲಾಗಿ ಒಂದು ಹಲಗೆ ಹಾಕಿತ್ತು. ಎರಡು ವರ್ಷದ ಹಿಂದೆ ಗಂಡ ಫೆರಿದುನ್ ಎಲ್ಲಿಂದಲೋ ತಂದು, ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಸುತ್ತಿ, ಕೆಳಗೆ ಚಿಕ್ಕ ಮೊಳೆ ಹೊಡೆದು ಕೂರಿಸಿದ್ದ. ಅದರ ಒಂದು ತುದಿ ಚೂಪಾಗಿತ್ತು. ಎದ್ದಾಗಲೆಲ್ಲ ಸೊಂಟಕ್ಕೆ ತಿವಿಯುತ್ತಿತ್ತು. ಇದ್ಯಾಕೆ ಹೀಗೆ ಎಂದು ಕೇಳಿದರೆ, ಸ್ವೀಡನ್ನಿನಲ್ಲಿ ಈಗ ಎಲ್ಲ ಮೇಜುಗಳೂ ಹೀಗೇ ಬರುತ್ತವೆ ಎಂದಿದ್ದ. ಫೆರಿದುನ್ ಸ್ವೀಡನ್ನಿಗೆ ಹೋದವನಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವವನೂ ಅಲ್ಲ.

ಅದೇ ಅವನ ಉದ್ಯೋಗವಾಗಿತ್ತು. ಹಡಗುಕಟ್ಟೆಯ ಹತ್ತಿರ ಪುರಸಭೆಯವರು ಇಟ್ಟಿದ್ದ ಗಾಜಿನ ಗೂಡಿನಲ್ಲಿ ಕೂತು ಪ್ರವಾಸಿಗಳಿಗೆ ದಾರಿ ಹೇಳುವುದು. ಗೊತ್ತಿಲ್ಲ ಎನ್ನುವುದು ಇಂಜಿರ್ಲಿಯಲ್ಲಿ ಅತಿಥಿಗೆ ಮಾಡುವ ಅವಮಾನ. ಫೆರಿದುನ್ ಹನ್ನೊಂದು ವರ್ಷದಲ್ಲಿ ಯಾರಿಗೂ ಆ ಅವಮಾನ ಮಾಡಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂಕಾರಾದಿಂದ ಬಂದ ಗಂಡ ಹೆಂಡತಿ ಹಳೆಯ ಸ್ನಾನಗೃಹಕ್ಕೆ ದಾರಿ ಕೇಳಿದರು. ಅವನು ಎದ್ದು ನಿಂತು, ಕೈ ಚಾಚಿ, "ನೇರ ಹೋಗಿ" ಎಂದು, ಹಾಗೇ ಬಿದ್ದು ಸತ್ತ. ಮೂವತ್ತೆಂಟು ವರ್ಷ. ಆ ದಂಪತಿ ಆಗಲೇ ಬೆನ್ನು ತಿರುಗಿಸಿದ್ದರು, ನೇರ ಹೋದರು. ಅಲ್ಲಿ ಸ್ನಾನಗೃಹ ಇರಲಿಲ್ಲ, ಔಷಧಿ ಅಂಗಡಿ ಇತ್ತು. ಫೆರಿದುನ್ ಜೀವಮಾನದಲ್ಲಿ ತೋರಿಸಿದ ದಾರಿಗಳಲ್ಲಿ ಸಮಯಕ್ಕೆ ಸರಿಯಾದದ್ದು ಅದೊಂದೇ, ಆದರೆ ಔಷಧಿ ಬೇಕಾಗಿದ್ದದ್ದು ಅವರಿಗಲ್ಲ.

ಮಸೀದಿಯ ಅಂಗಳದಲ್ಲಿ, ಶವಪೆಟ್ಟಿಗೆಯ ಮುಂದೆ ನಿಂತು ಇಮಾಮರು ಪದ್ಧತಿಯಂತೆ ಕೇಳಿದರು: ಈ ಸತ್ತವನ ಮೇಲೆ ನಿಮಗಿರುವ ಬಾಕಿ, ದೂರು, ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿರಾ? ಒಂದಲ್ಲ, ಮೂರು ಸಲ. ಮೂರು ಸಲವೂ ಊರು ಒಂದೇ ಬಾಯಿಯಲ್ಲಿ "ಬಿಟ್ಟೆವು" ಎಂದಿತು. ಹೆಂಗಸರ ಗುಂಪಿನೊಂದಿಗೆ ಮರದ ಕೆಳಗೆ ನಿಂತಿದ್ದ ನೂರ್ಸೆಲ್ ಒಂದು ಮೀಸೆಯನ್ನು ನೋಡುತ್ತಿದ್ದಳು. ದೊಡ್ಡ ಬಿಳಿ ಮೀಸೆ. ಮರದ ನೆರಳಲ್ಲಿ ಕುರ್ಚಿ ಹಾಕಿ ಚಹಾ ಮಾರುವ, ಚಹಾ ತೋಟದ ಹಿಲ್ಮಿಯದು. ಅದು ಮೂರು ಸಲವೂ ಅಲ್ಲಾಡಲಿಲ್ಲ.

ನೋಡಿದ್ದು ಅವಳೊಬ್ಬಳೇ ಆಗಿದ್ದರೆ ಒಳ್ಳೆಯದಿತ್ತು. ಅವಳ ಅತ್ತೆ ಸಬಿಹಾ ಕೂಡ ನೋಡಿದ್ದರು. ಆಕೆಗೆ ಓದಲು ಕನ್ನಡಕ ಬೇಕು, ನೂರು ಹೆಜ್ಜೆ ದೂರದ ಮೀಸೆ ನೋಡಲು ಬೇಡ.

"ಒಬ್ಬನ ಹಕ್ಕು ಕುತ್ತಿಗೇಲಿ ಕಟ್ಕೊಂಡು ನನ್ನ ಮಗ ಮಣ್ಣಲ್ಲಿ ಮಲಗಿದಾನೆ," ಎಂದು ಆಕೆ ಆ ಎಂಟನೆಯ ಬೆಳಿಗ್ಗೆ ಕೆಳಗಿನ ಮಹಡಿಯಿಂದ ಹತ್ತಿ ಬಂದು ಹೇಳಿದರು. "ನಿನ್ನ ಯೂನಿವರ್ಸಿಟೀಲಿ ಇದಕ್ಕೇನಾದ್ರೂ ಹೇಳ್ಕೊಟ್ಟಿದಾರಾ?"

ನೂರ್ಸೆಲ್ ಇಜ್ಮಿರ್‌ನಲ್ಲಿ ನಾಲ್ಕು ವರ್ಷ ಸಮಾಜಶಾಸ್ತ್ರ ಓದಿದ್ದಳು. ಅಲ್ಲಿ ಇಂಥ ಪದ್ಧತಿಗಳ ಬಗ್ಗೆ ಒಂದು ಅಧ್ಯಾಯವೇ ಇತ್ತು. ಅದರಲ್ಲಿ ಮೀಸೆಯ ಪ್ರಸ್ತಾಪ ಇರಲಿಲ್ಲ. ಹಿಲ್ಮಿ ಮಾಮನಿಗೆ ಏನು ಅನ್ಯಾಯವಾಗಿದೆಯೋ ಕೇಳಿಬಿಡೋಣ ಎಂದಳು. ಅತ್ತೆ ತಲೆ ಅಲ್ಲಾಡಿಸಿದರು. ಹಕ್ಕು ಬಿಡದವನನ್ನು ಯಾಕೆ ಬಿಡಲಿಲ್ಲ ಎಂದು ಕೇಳುವುದು ಭಿಕ್ಷೆ ಬೇಡಿದಂತೆ. ಅವನಾಗಿ ಬಾಯಿ ಬಿಡಬೇಕು. ಅವನು ಬಾಯಿ ಬಿಡುವಂಥ ಏನಾದರೂ ಒಳ್ಳೆಯದನ್ನು ಮಾಡಬೇಕು.

ಅಷ್ಟರಲ್ಲಿ, ಅಂದು ಮೊದಲ ಸಲ, ಬಾಗಿಲು ತಟ್ಟಿದ ಸದ್ದಾಯಿತು. ಉಪಮೇಯರ್ ತಾಜೆತ್ತಿನ್ ಸಾಹೇಬರು. ಹೊಸ್ತಿಲ ಹೊರಗೆ, ಬೇಕಾದವರು ಒಯ್ಯಲೆಂದು ಇಟ್ಟಿದ್ದ ಸತ್ತವನ ಬೂಟುಗಳನ್ನು ನೋಡಿ ಅವರು ಒಂದು ನಿಮಿಷ ಕಣ್ಣು ಮುಚ್ಚಿದರು. ಆಮೇಲೆ ತಮ್ಮ ಬೂಟು ಬಿಚ್ಚಿ ಒಳಬಂದು ಸಂತಾಪ ಹೇಳಿದರು, ಚಹಾ ಕುಡಿದರು, ಇನ್ನೊಮ್ಮೆ ಸಂತಾಪ ಹೇಳಿದರು. ಮೂರನೆಯ ಸಂತಾಪದ ಹೊತ್ತಿಗೆ ವಿಷಯಕ್ಕೆ ಬಂದರು. ಶನಿವಾರ ಪ್ರವಾಸದ ಸೀಸನ್ ಉದ್ಘಾಟನೆ. ಪುರಸಭೆಯ ಪ್ರವಾಸಿ ಕೈಪಿಡಿ ಬಿಡುಗಡೆಯಾಗಬೇಕು. ಫೆರಿದುನ್ ಎರಡು ವರ್ಷದಿಂದ ಅದನ್ನು ಬರೆಯುತ್ತಿದ್ದ. ಸಾಯುವ ಹಿಂದಿನ ದಿನ ಕೂಡ ಮುಗಿಯುತ್ತ ಬಂತು ಎಂದಿದ್ದ.

"ಅವನ ಕೊನೇ ಕೆಲಸ ಅದು, ತಂಗಿ," ಎಂದರು ಸಾಹೇಬರು. "ಒಂದು ಕಾಮಾ ಕೂಡ ಬದಲಾಯಿಸಲ್ಲ. ಸತ್ತವರ ಬರಹದ ಮೇಲೆ ಕೈ ಆಡಿಸೋ ಜನ ಅಲ್ಲ ನಾವು."

ಸಾಹೇಬರು ಹೋದ ಮೇಲೆ ನೂರ್ಸೆಲ್ ಡ್ರಾಯರ್ ತೆಗೆದಳು. ದಪ್ಪ ನೋಟ್‌ಬುಕ್ ಸಿಕ್ಕಿತು. ಮೊದಲ ಪುಟದಲ್ಲಿ ನಾಲ್ಕು ಬಣ್ಣದಲ್ಲಿ 'ಇಂಜಿರ್ಲಿಗೆ ಬರುವವರಿಗೆ ಉಪಯುಕ್ತ ಸಲಹೆಗಳು' ಎಂದಿತ್ತು. ಎರಡನೆಯ ಪುಟದಲ್ಲಿ ಮೇಯರ್ ಅವರಿಗೆ ಕೃತಜ್ಞತೆ. ಮೂರನೆಯ ಪುಟದಿಂದ ಕೊನೆಯವರೆಗೆ ಕಾಗದ ಬಹಳ ಒಳ್ಳೆಯ ಗುಣಮಟ್ಟದ್ದಾಗಿತ್ತು.

ಅವಳು ಕಂಪ್ಯೂಟರ್ ಮುಂದೆ ಕೂತು ಸಂಜೆಯೊಳಗೆ ಬರೆದು ಮುಗಿಸಿದಳು. ಇಂಥ ಪುಸ್ತಕಗಳಲ್ಲಿ ಸಮುದ್ರ ಸದಾ ನೀಲಿಯಾಗಿರುತ್ತದೆ, ಜನ ಸದಾ ನಗುತ್ತಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಸುಳ್ಳು ಬರೆಯಲು ಸ್ವಲ್ಪ ಉತ್ಸಾಹ ಬೇಕು. ಅವಳಲ್ಲಿ ಅದು ಇರಲಿಲ್ಲ. ಗೊತ್ತಿದ್ದುದನ್ನು ಬರೆದಳು.

ನಿಲ್ದಾಣದಲ್ಲಿ ಅಂಟಿಸಿರುವ ವೇಳಾಪಟ್ಟಿ ಹಿಂದಿನ ಮೇಯರ್ ಕಾಲದ್ದು; ಮಿನಿಬಸ್ ತುಂಬಿದಾಗ ಹೊರಡುತ್ತದೆ, ತುಂಬಬೇಕೆಂದರೆ ಮೊದಲು ನೀವು ಹತ್ತಿ ಕೂರಬೇಕು. ದಾರಿ ಕೇಳುವಾಗ ಮೂವರನ್ನು ಕೇಳಿ. ಮೂವರೂ ಒಂದೇ ಕಡೆ ಕೈ ತೋರಿಸಿದರೆ ನಿಮ್ಮ ಹಿಂದೆ ಯಾವುದೋ ಹುಡುಗಿ ಹೋಗುತ್ತಿದ್ದಾಳೆ ಎಂದರ್ಥ. ಹಡಗುಕಟ್ಟೆಯ ಹೋಟೆಲಿನ ಬುರ್ಹಾನ್ ಮೀನು ತಾಜಾ ಎನ್ನುತ್ತಾನೆ. ಯಾವ ದಿನದ ತಾಜಾ ಎಂದು ಕೇಳಿ. ಜಾಹಿದೆ ಅಕ್ಕನ ವಸತಿಗೃಹದಿಂದ ಸಮುದ್ರ ಕಾಣುತ್ತದೆ, ಸ್ನಾನದ ಕೋಣೆಯಲ್ಲಿ ಕುರ್ಚಿ ಹಾಕಿ ಹತ್ತಿದರೆ; ಸ್ನಾನದ ಕೋಣೆಯಲ್ಲಿ ಕುರ್ಚಿ ಇಲ್ಲ. ಬಂಡೆಗಳ ಕಡೆ ಬರಿಗಾಲಲ್ಲಿ ನೀರಿಗಿಳಿಯಬೇಡಿ, ಮುಳ್ಳುಚೆಂಡಿನಂಥ ಕಡಲಜೀವಿಗಳಿವೆ. ಭಾನುವಾರ ಔಷಧಿ ಅಂಗಡಿಗೆ ರಜೆ, ಅವುಗಳಿಗಿಲ್ಲ. ಬೀದಿಯಲ್ಲಿ ಪಾಕದ ಉಂಡೆ ಹಂಚುತ್ತಿದ್ದರೆ ಅದು ಹಬ್ಬವಲ್ಲ, ಯಾರೋ ಸತ್ತಿದ್ದಾರೆ; ಸಾಲಿನಲ್ಲಿ ನಿಂತು ತಿನ್ನಬಹುದು, ತಿಂದು ಸತ್ತವರಿಗೆ ಒಳ್ಳೆಯದಾಗಲಿ ಎನ್ನಬೇಕು. ಎರಡನೆಯ ಸಲ ಸಾಲಿನಲ್ಲಿ ನಿಲ್ಲುವುದು ಅಸಭ್ಯತೆ, ಎಲ್ಲರೂ ನಿಲ್ಲುತ್ತಾರೆ. ಚಹಾ ಸಾಕು ಎನ್ನಲು ಬಾಯಿಂದ ಹೇಳಿ ಪ್ರಯೋಜನವಿಲ್ಲ. ಚಮಚವನ್ನು ಲೋಟದ ಮೇಲೆ ಅಡ್ಡ ಇಡಿ.

ಕೊನೆಗೆ, ಹಿಲ್ಮಿ ಮಾಮನ ಮೀಸೆ ಅಲ್ಲಾಡಲೆಂದು, ಯೋಚಿಸಿ ಒಂದು ಹೊಗಳಿಕೆ ಸೇರಿಸಿದಳು: 'ಊರಿನಲ್ಲೇ ತಂಪಾದ ಜಾಗ ಹಿಲ್ಮಿಯ ಚಹಾ ತೋಟ.' ತಾನು ಅಲ್ಲಿಗೆ ಹೋದದ್ದೇ ಇಲ್ಲ ಎಂಬುದು ಆಗ ನೆನಪಾಯಿತು. ಅತ್ತೆಯನ್ನು ಕೇಳಿದಳು. ಅತ್ತೆ, ಎಣ್ಣೆ ಗಾಣದ ಹಿಂದೆಲ್ಲೋ, ಎಂದರು. ಪಕ್ಕದ ಮನೆಯವರು, ಎಣ್ಣೆ ಗಾಣದ ಮುಂದೆ, ಎಂದರು. ನೂರ್ಸೆಲ್ ಪ್ರಾಮಾಣಿಕವಾಗಿ ಇನ್ನೊಂದು ಸಾಲು ಬರೆದಳು: 'ಅಲ್ಲಿಗೆ ಹೋಗುವ ದಾರಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.'

ಫೆರಿದುನ್ ಹೆಸರಿನಲ್ಲಿ, ಕಾಮಾ ಬದಲಾಯಿಸದೆ ಅಚ್ಚಾಯಿತು. ಶನಿವಾರ ತಾಜೆತ್ತಿನ್ ಸಾಹೇಬರು ವೇದಿಕೆಯ ಮೇಲೆ ನಿಂತು, ದಿವಂಗತರ ಕೊನೆಯ ಮಾತುಗಳೆಂದು, ಮೊದಲ ಸಲ ಓದುತ್ತ ಹೋದರು. ವೇಳಾಪಟ್ಟಿಯ ಸಾಲಿಗೆ ಬಂದಾಗ ಅವರ ದನಿ ಸ್ವಲ್ಪ ತಗ್ಗಿತು. ಮೀನಿನ ಸಾಲಿಗೆ ಬಂದಾಗ ಇಡೀ ಸಭೆ ಬುರ್ಹಾನ್ ಕಡೆ ತಿರುಗಿತು. ಬದುಕಿದ್ದವನು ಬರೆದಿದ್ದರೆ ಅವನನ್ನು ಅಂದೇ ಸಮುದ್ರಕ್ಕೆ ನೂಕುತ್ತಿದ್ದರು. ಸತ್ತವನ ಜೊತೆ ಜಗಳ ಆಡಲು ದಾರಿ ಇರಲಿಲ್ಲ. ಕೆಲವು ದಿನದ ಹಿಂದಷ್ಟೇ ಎಲ್ಲರೂ ಮೂರು ಮೂರು ಸಲ ಹಕ್ಕು ಬಿಟ್ಟಾಗಿತ್ತು.

ಬುರ್ಹಾನ್ ಮಾತ್ರ ಕೈಪಿಡಿಯನ್ನು ಸುರುಳಿ ಸುತ್ತಿ ಹಿಡಿದು ನೂರ್ಸೆಲ್‌ಳ ಮನೆಯ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿ ಆ ಬೂಟುಗಳು ಕಂಡವು. ಸಿಟ್ಟು ಬೂಟಿನ ಹತ್ತಿರವೇ ಉಳಿಯಿತು.

"ನನ್ನನ್ನ ಇಷ್ಟು ಚೆನ್ನಾಗಿ ತಿಳ್ಕೊಂಡಿದ್ದ ಅಂತ ಗೊತ್ತಿರ್ಲಿಲ್ಲ ಕಣಮ್ಮ," ಎಂದು ಮೂಗು ಒರೆಸಿಕೊಂಡು ಹೋದ. ಮಾರನೆಯ ದಿನ ಅವನ ಹೋಟೆಲಿನ ಮುಂದೆ ಕಪ್ಪು ಹಲಗೆ ಬಂತು: 'ಶುಕ್ರವಾರದ ತಾಜಾ ಮೀನು.' ಅಂದು ಭಾನುವಾರ. ಇಷ್ಟು ಸತ್ಯವಂತನ ಹೋಟೆಲು ಬೇರೆಲ್ಲೂ ಇಲ್ಲವೆಂದು ಪ್ರವಾಸಿಗಳು ಮುಗಿಬಿದ್ದರು.

ಜಾಹಿದೆ ಅಕ್ಕ ಸ್ನಾನದ ಕೋಣೆಗಳಿಗೆಲ್ಲ ಕುರ್ಚಿ ಹಾಕಿಸಿದರು. ಒಂದು ಕೋಣೆಯಲ್ಲಿ ಕುಶನ್ ಕೂಡ ಇಟ್ಟು ಅದಕ್ಕೆ ಹೆಚ್ಚಿನ ಬಾಡಿಗೆ ಕೇಳಿದರು. ಪುರಸಭೆ ತುರ್ತು ಸಭೆ ಸೇರಿ, ದಿವಂಗತರ ಇಚ್ಛೆಯಂತೆ ವೇಳಾಪಟ್ಟಿಯನ್ನು ಕಿತ್ತುಹಾಕುವ ನಿರ್ಣಯ ಕೈಗೊಂಡಿತು. ಅದನ್ನು ಎಷ್ಟು ಗಂಟೆಗೆ ಕೀಳಬೇಕೆಂಬುದರ ಮೇಲೆ ಚರ್ಚೆ ಇನ್ನೂ ನಡೆದಿದೆ. ಎಲ್ಲಕ್ಕಿಂತ ಹೆಚ್ಚು ಬದಲಾದವರು ಕಾಫಿಖಾನೆಯ ಗಂಡಸರು. ಮೂವರನ್ನು ಕೇಳಬೇಕೆಂದು ಪುಸ್ತಕದಲ್ಲಿದೆ, ಬಂದವರು ಪಾಪ ಮೂರು ಕಡೆ ಅಲೆಯುವುದೇಕೆ ಎಂದು ಅವರು ಮೂಲೆಮೂಲೆಯಲ್ಲಿ ಮೂವರು ಮೂವರಾಗಿ ನಿಲ್ಲತೊಡಗಿದರು. ಪ್ರವಾಸಿ ಬಂದೊಡನೆ ಮೂರು ಕೈಗಳು ಒಟ್ಟಿಗೆ ಏಳುತ್ತಿದ್ದವು, ಮೂರು ದಿಕ್ಕಿಗೆ.

ನೂರ್ಸೆಲ್ ಅಂಗಡಿಗೆ ಹೋದರೆ ಜನ ಎದ್ದು ನಿಲ್ಲುತ್ತಿದ್ದರು. ಫೆರಿದುನ್ ಸುಳ್ಳು ಹೇಳಿದವನೇ ಅಲ್ಲ ಎಂದು ಔಷಧಿ ಅಂಗಡಿಯವನು ಕಣ್ಣಲ್ಲಿ ನೀರು ತಂದುಕೊಂಡ. ಅವಳಿಗೆ ಸ್ವೀಡನ್ನಿನ ಮೇಜು ನೆನಪಾಯಿತು. ನನ್ನ ಮಗ ಇಷ್ಟು ಚೆನ್ನಾಗಿ ಬರೆಯುತ್ತಾನೆಂದು ನನಗೇ ಗೊತ್ತಿರಲಿಲ್ಲ ಎಂದು ಅತ್ತೆ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಅವಳು ಕಾಯುತ್ತಿದ್ದದ್ದು ಒಂದು ಮೀಸೆಗಾಗಿ.

ಮೀಸೆ ಬುಧವಾರ ಬೆಳಿಗ್ಗೆ ಬಂತು. ಕೆಂಡವಾಗಿತ್ತು.

ಹಿಲ್ಮಿ ಬೂಟುಗಳನ್ನು ದಾಟಿ ಒಳಬಂದ. ಸತ್ತವನ ಬೂಟಿಗೆ ಕರಗಿದವನಲ್ಲ ಅವನು. ನೂರ್ಸೆಲ್ ಅವನನ್ನು ಬಾಲ್ಕನಿಯಲ್ಲಿ ಕೂರಿಸಿ ಚಹಾ ಇಟ್ಟಳು. ಬಾಗಿಲ ಸಂದಿಯಲ್ಲಿ ಅತ್ತೆ ಉಸಿರು ಹಿಡಿದು ನಿಂತರು.

"ನೋಡು ಮಗಳೇ," ಎಂದ ಹಿಲ್ಮಿ. "ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರ್ದು. ಅದಕ್ಕೇ ಅವತ್ತು ಬಾಯಿ ಮುಚ್ಕೊಂಡು ನಿಂತಿದ್ದೆ. ಆದ್ರೆ ಸತ್ತ ಮೇಲೂ ಅಣಕ ಮಾಡ್ತಾನಲ್ಲ, ಇದನ್ನ ಹೆಂಗೆ ಸಹಿಸ್ಲಿ? ನನ್ನ ತೋಟದ ದಾರಿ ಯಾರಿಗೂ ಗೊತ್ತಿಲ್ವಂತೆ. ಯಾಕೆ ಗೊತ್ತಿಲ್ಲ? ನನ್ನ ಬೋರ್ಡು ಕಿತ್ಕೊಂಡು ಹೋದೋನು ಯಾರು?"

"ಯಾವ ಬೋರ್ಡು, ಮಾಮ?"

ಹಿಲ್ಮಿ ಹೇಳಿದ. ತೋಟ ಮೂರು ಓಣಿಗಳ ಒಳಗಿದೆ. ಓಣಿಯ ಬಾಯಲ್ಲಿ ಒಂದು ಬಾಣದ ಬೋರ್ಡಿತ್ತು, ಹೆಂಡತಿ ಬದುಕಿದ್ದಾಗ ಅವಳೇ ಬಣ್ಣ ಹಚ್ಚಿ ಬರೆದದ್ದು. ಎರಡು ವರ್ಷದ ಹಿಂದೆ ಫೆರಿದುನ್ ಬಂದು, ಪುಸ್ತಕಕ್ಕೆ ಹೆಸರು ಸರಿಯಾಗಿ ಬರೆದುಕೊಳ್ಳಬೇಕು, ಒಂದು ದಿನ ಕೊಡಿ ಎಂದು ಇಸಿದುಕೊಂಡು ಹೋದ. ಒಂದು ಕಾಗದ ಪೆನ್ನು ತಂದಿದ್ದರೂ ಆಗುತ್ತಿತ್ತು. ಆಮೇಲೆ ಸಿಕ್ಕಾಗಲೆಲ್ಲ ನಾಳೆ ಎನ್ನುತ್ತಿದ್ದ. ಅಂದಿನಿಂದ ತೋಟಕ್ಕೆ ಹೊಸಬರು ಯಾರೂ ಬಂದಿಲ್ಲ. ದಿನಾ ಹಿಪ್ಪುನೇರಳೆ ಮರದ ಕೆಳಗೆ ಆರು ಕುರ್ಚಿ ಹಾಕಿ, ಚಹಾ ಕಾಯಿಸಿ, ತಾನೇ ಕುಡಿದು, ಆರು ಕುರ್ಚಿ ಎತ್ತಿಡುತ್ತಾನೆ.

"ಎಷ್ಟು ದೊಡ್ಡದು?" ಎಂದಳು ನೂರ್ಸೆಲ್.

"ಇಷ್ಟು ಉದ್ದ," ಎಂದು ಹಿಲ್ಮಿ ಎರಡೂ ಕೈ ಚಾಚಿದ. ಬಲಗೈ ಹಲಗೆಯ ಈ ತುದಿಗೆ ಬಂತು, ಎಡಗೈ ಆ ತುದಿಗೆ. "ಇಷ್ಟು ಅಗಲ," ಎಂದು ಗೇಣು ಹಾಕಿದ. ಅದೂ ಸರಿಹೋಯಿತು. "ಒಂದು ಕಡೆ ಹಿಂಗೆ ಚೂಪಾಗಿ," ಎಂದು ಚೂಪು ತುದಿಯನ್ನು ಸವರಿದ. ಕೈ ಅಲ್ಲೇ ನಿಂತಿತು.

ಬಾಗಿಲ ಸಂದಿಯಲ್ಲಿ ಅತ್ತೆ ಹಿಡಿದಿದ್ದ ಉಸಿರು ಬಿಟ್ಟರು.

ನೂರ್ಸೆಲ್ ಲೋಟ ಎತ್ತಿಟ್ಟಳು. ಹಲಗೆಯನ್ನು ಮಗುಚಿ, ಚಾಕುವಿನ ತುದಿಯಿಂದ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದಳು. ಪ್ಲಾಸ್ಟಿಕ್ ಹಾಳೆಯ ಹೂಗಳು ಸರಿದು, ಹಸಿರು ಅಕ್ಷರಗಳು ಕಂಡವು: 'ಹಿಲ್ಮಿಯ ಚಹಾ ತೋಟ.' ಬಿಸಿಲು ಮಳೆ ತಾಗದೆ ಬಣ್ಣ ಹೊಸದಾಗಿಯೇ ಇತ್ತು. ಎರಡು ವರ್ಷ ಅವಳು ಮತ್ತು ಫೆರಿದುನ್ ಪ್ರತಿ ಬೆಳಿಗ್ಗೆ ಆ ಅಕ್ಷರಗಳ ಮೇಲೆ ಬ್ರೆಡ್ಡು, ಚೀಸ್, ಆಲಿವ್ ಇಟ್ಟುಕೊಂಡು ತಿಂದಿದ್ದರು. ಆ ಲೆಕ್ಕದಲ್ಲಿ ಹಿಲ್ಮಿಯ ತೋಟಕ್ಕೆ ದಿನಾ ಬಂದ ಗಿರಾಕಿಗಳು ಅವರಿಬ್ಬರೇ.

"ತಗೊಂಡು ಹೋಗಿ, ಮಾಮ."

ಹಿಲ್ಮಿ ಎದ್ದು ನಿಂತ. "ನಾನು ಹೊತ್ಕೊಂಡು ಹೋದ್ರೆ ಕಿತ್ಕೊಂಡು ಹೋದ ಹಂಗಾಗುತ್ತೆ. ಒಯ್ದ ಮನೆಯೋರೇ ತಂದ್ಕೊಡ್ಬೇಕು."

"ದಾರಿ?"

"ಕೇಳ್ಕೊಂಡು ಬಾ. ನಿನ್ನ ಗಂಡನ ಪುಸ್ತಕದಲ್ಲಿ ಬರ್ದಿದಾನಲ್ಲ, ಮೂವರನ್ನ ಕೇಳಿ ಅಂತ."

ಅವನು ಹೋದ ಮೇಲೆ ಅತ್ತೆಯ ಗಡಿಬಿಡಿ ಶುರುವಾಯಿತು. ಪರರ ವಸ್ತುವನ್ನು ಬರಿದಾಗಿ ಕೊಡುವುದು ಹೇಗೆ? ಪಾತ್ರೆಯಾಗಿದ್ದರೆ ಹಲ್ವಾ ತುಂಬಬಹುದಿತ್ತು. ಹಲಗೆಗೆ ಏನು ತುಂಬುವುದು? ಮನೆಯಲ್ಲಿ ರವೆ ಮುಗಿದಿತ್ತು. ನೂರ್ಸೆಲ್ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಣವನ್ನು ಮುಂದೆ ಮಾಡಿಕೊಂಡು ಬೀದಿಗಿಳಿದಳು.

ಮೊದಲ ಮೂಲೆಯಲ್ಲಿ ಮೂವರು ಗಂಡಸರು ಮೂರು ಕಡೆ ಕೈ ತೋರಿಸಿದರು. ಅವರ ಮುಂದೆ ನಿಂತು ಗೊಂದಲದಲ್ಲಿದ್ದ ಎಸ್ಕಿಶೆಹಿರ್ ನಗರದಿಂದ ಬಂದ ಒಂದು ಕುಟುಂಬ, ಗಂಡ, ಹೆಂಡತಿ, ಹೆಂಡತಿಯ ತಾಯಿ, ನಾಲ್ಕನೆಯ ದಿಕ್ಕಿಗೆ ಹೋಗುತ್ತಿದ್ದ ಬಾಣವನ್ನು ನೋಡಿತು. ಊರಿಗೆ ಬಂದ ಮೇಲೆ ಅವರು ಕಂಡ ಮೊದಲ ಖಚಿತ ವಸ್ತು ಅದು. ಹಿಂದೆ ಬಂದರು. ಬುರ್ಹಾನನ ಹೋಟೆಲಿನ ಹತ್ತಿರ ಇಬ್ಬರು ಡಚ್ಚರು ಸೇರಿಕೊಂಡರು. ಜಾಹಿದೆ ಅಕ್ಕನ ವಸತಿಗೃಹದಿಂದ, ಕುರ್ಚಿ ಹತ್ತಿ ಸಮುದ್ರ ನೋಡುತ್ತಿದ್ದ ಹೆಂಗಸೊಬ್ಬಳು ಕಿಟಕಿಯಿಂದ ಈ ಮೆರವಣಿಗೆ ಕಂಡು, ಕುರ್ಚಿ ಇಳಿದು, ಗೆಳತಿಯರನ್ನು ಕರೆದುಕೊಂಡು ಓಡಿ ಬಂದಳು.

ಗಾಣದ ಹತ್ತಿರ ನೂರ್ಸೆಲ್‌ಗೆ ದಾರಿ ತಪ್ಪಿತು. ಹಿಂತಿರುಗಿದಳು, ಬಾಣ ತಿರುಗಿತು, ಹಿಂದಿದ್ದವರೆಲ್ಲ ತಿರುಗಿ ಮುಂದಾದರು. ಸುಸ್ತಾಗಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಎಲ್ಲರೂ ತಲೆಯೆತ್ತಿ ಆಕಾಶ ನೋಡಿದರು. ಡಚ್ಚರಲ್ಲಿ ಒಬ್ಬ ಫೋಟೋ ತೆಗೆದ.

"ಎಲ್ಲಿಗೆ ಹೋಗ್ತಿದೀವಮ್ಮ?" ಎಂದು ಎಸ್ಕಿಶೆಹಿರಿನ ಅಜ್ಜಿ ಕೇಳಿದರು.

"ನನಗೆ ಸರಿಯಾಗಿ ಗೊತ್ತಿಲ್ಲ, ಅಜ್ಜಿ," ಎಂದಳು ನೂರ್ಸೆಲ್.

ಇಂಜಿರ್ಲಿಯ ನೆಲದ ಮೇಲೆ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು. ಕೇಳಿದವರಿಗೆ ಅವಳ ಮೇಲೆ ಎಷ್ಟು ನಂಬಿಕೆ ಬಂತೆಂದರೆ, ಆಮೇಲೆ ಯಾರೂ ಏನೂ ಕೇಳಲಿಲ್ಲ.

ಮೂರನೆಯ ಓಣಿಯ ಕೊನೆಯಲ್ಲಿ ಹಿಪ್ಪುನೇರಳೆ ಮರ ಕಂಡಿತು. ಕೆಳಗೆ ಆರು ಕುರ್ಚಿಗಳು, ಒಬ್ಬ ಹಿಲ್ಮಿ. ಜಾಗ ನಿಜಕ್ಕೂ ತಂಪಾಗಿತ್ತು. ತಿಳಿಯದೆ ಬರೆದ ಒಂದು ಸಾಲು ನಿಜವಾಗಿತ್ತು. ನೂರ್ಸೆಲ್ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅತ್ತೆ ಹೇಳಿಕೊಟ್ಟಿದ್ದಂತೆ ತಪ್ಪೊಪ್ಪಿಕೊಂಡಳು. "ಬರೀ ಹಲಗೆ ತಂದಿದೀನಿ, ಮಾಮ. ಜೊತೆಗೆ ಏನೂ ತರೋಕಾಗ್ಲಿಲ್ಲ."

ಹಿಲ್ಮಿ ಹಲಗೆ ತೆಗೆದುಕೊಳ್ಳಲಿಲ್ಲ. ಅವಳ ಹಿಂದೆ ನೋಡುತ್ತಿದ್ದ. ಬೆರಳು ಮಡಿಸಿ ಎಣಿಸಿದ. ಹನ್ನೊಂದು ಜನ ಬೆವರು ಒರೆಸಿಕೊಳ್ಳುತ್ತ ಮರದ ನೆರಳಿಗೆ ಬರುತ್ತಿದ್ದರು. ಅಜ್ಜಿ ಆಗಲೇ ಒಂದು ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಚ್ಚಿದ್ದರು.

"ಖಾಲಿ ಎಲ್ಲಿ ತಂದಿದೀಯ," ಎಂದ.

ಆಮೇಲೆ ಅವನು ಒಂದು ಗಂಟೆ ಚಹಾ ಕೊಡುತ್ತಲೇ ಇದ್ದ. ಕುರ್ಚಿ ಸಾಲದೆ ಡಚ್ಚರು ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತರು. ಲೋಟ ಖಾಲಿಯಾದಂತೆ ತುಂಬಿದ, ಬೇಡವೆಂದವರಿಗೂ ತುಂಬಿದ. ಎರಡು ವರ್ಷದ ಚಹಾ ಒಂದೇ ದಿನ ಹಂಚಿ ಮುಗಿಸುವವನಂತೆ ಕಂಡ. ಪ್ರವಾಸಿಗಳು ಕಂಗಾಲಾಗಿ ಕೈಪಿಡಿ ತೆರೆದು ನೋಡಿ, ಒಬ್ಬೊಬ್ಬರಾಗಿ ಚಮಚವನ್ನು ಲೋಟದ ಮೇಲೆ ಅಡ್ಡ ಇಟ್ಟರು. ನೂರ್ಸೆಲ್ ಐದನೆಯ ಲೋಟಕ್ಕೆ ಇಟ್ಟಳು.

ಆಗ ಹಿಲ್ಮಿ ಸುತ್ತಿಗೆ ಮತ್ತು ಮೂರು ಮೊಳೆ ತೆಗೆದುಕೊಂಡು ಓಣಿಯ ಬಾಯಿಗೆ ನಡೆದ. ನೂರ್ಸೆಲ್ ಹಲಗೆ ಹೊತ್ತು ಹಿಂದೆ ಹೋದಳು. ಗೋಡೆಯ ಮೇಲೆ ಹಳೆಯ ಬೋರ್ಡಿನ ಆಕಾರ ಬಿಳಿಯಾಗಿ ಉಳಿದಿತ್ತು. ಅವಳು ಅದಕ್ಕೆ ಸರಿಯಾಗಿ ಹಲಗೆ ಒತ್ತಿ ಹಿಡಿದಳು.

ಹಿಲ್ಮಿ ಮೊದಲ ಮೊಳೆ ಹೊಡೆದ. "ಬಿಟ್ಟೆ," ಎಂದ.

ಎರಡನೆಯದು ಹೊಡೆದ. "ಬಿಟ್ಟೆ."

ಮೂರನೆಯದನ್ನು ಚೂಪು ತುದಿಯ ಹತ್ತಿರ ಇಟ್ಟು, ಸುತ್ತಿಗೆ ಎತ್ತಿ, ಅವಳ ಕಡೆ ನೋಡಿದ. ಅವಳ ಕೈ ಇನ್ನೂ ಹಲಗೆಯ ಮೇಲಿತ್ತು.

"ನೀನೂ ಬಿಡು ಮಗಳೇ," ಎಂದ. "ಬೆರಳಿಗೆ ಬಿದ್ದೀತು."

ಅವಳು ಕೈ ತೆಗೆದಳು. ಹಲಗೆ ಬೀಳಲಿಲ್ಲ. ಹಿಲ್ಮಿ ಮೂರನೆಯ ಮೊಳೆ ಹೊಡೆದ.